ಕಪ್ಪಿನ ಮನೆಯ ನಾಲಿಗೆ

ಕ್ಯಾನ್ಸರ್ ಹತ್ತಿದ ಮೂತ್ರಕೋಶ ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೆಯ ದಿನ ಯಜಮಾನ ಹಾಸಿಗೆ ಬಿಟ್ಟೆದ್ದ. ಹೊಟ್ಟೆಯ ಬಲಬದಿಗೆ ಅಂಟಿಸಿದ್ದ ಉಚ್ಚೆಯ ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಸವರುತ್ತ, ಹಿತ್ತಲಿನ ಬಣ್ಣದ ಶೆಡ್ಡಿಗೆ ಹೋದ. ಅವನು ಮಲಗಿದಂದಿನಿಂದ ನೂಲಿಗೆ ಬಣ್ಣ ಕುದಿಸುವ ಬಾನಿಯನ್ನು ಮಗ ಒಬ್ಬನೇ ನೋಡಿಕೊಳ್ಳುತ್ತಿದ್ದ. ಗಳುವಿನ ಮೇಲೆ ಒಣಗಲು ಹಾಕಿದ್ದ ನೂಲಿನ ಲಡಿಯೊಂದನ್ನು ಯಜಮಾನ ಬೆಳಕಿಗೆ ಹಿಡಿದ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಉಜ್ಜಿದ. ಬೆರಳು ನೋಡಿಕೊಂಡ.

“ಇದು ಕಪ್ಪಾ? ಒಲೆ ಬೂದಿ ಬಳಿದ ಹಾಗಿದೆ.”

“ಬಾವಿ ನೀರು ಬದಲಾಗಿದೆ ಅಪ್ಪ,” ಎಂದ ಮಗ. “ಉಪ್ಪು ಎಷ್ಟು ಹಾಕಿದ್ರೂ ಹದ ಸಿಗ್ತಿಲ್ಲ.”

“ನಾಲಿಗೆ ಇಟ್ಟು ನೋಡಿದ್ಯಾ?”

ಮಗ ನೋಡಿದ್ದ. ದಿನಕ್ಕೆ ಆರು ಸಲ ನೋಡಿದ್ದ. ಅವನ ನಾಲಿಗೆಗೆ ಅಪ್ಪನ ನಾಲಿಗೆಯ ಬುದ್ಧಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ಊರಿನಲ್ಲಿ ಆ ಮನೆಗೆ ಕಪ್ಪಿನ ಮನೆ ಎಂದೇ ಹೆಸರು. ವಕೀಲರ ಕೋಟಿನ ಬಟ್ಟೆ ನೇಯುವ ಕಾರ್ಖಾನೆಯವರು ಎರಡು ತಲೆಮಾರಿನಿಂದ ನೂಲಿಗೆ ಬಣ್ಣ ಹಾಕಿಸುತ್ತಿದ್ದದ್ದು ಇಲ್ಲೇ. ಬೇರೆಯವರ ಕಪ್ಪು ಮೂರು ಒಗೆತಕ್ಕೆ ಕಂದಾಗುತ್ತಿತ್ತು. ಇವರದು ಕೋಟು ಹರಿದರೂ ಕಪ್ಪಾಗಿಯೇ ಇರುತ್ತಿತ್ತು. ಅದು ಬಣ್ಣದ ಪುಡಿಯ ಮಹಿಮೆ ಎಂದು ಎಲ್ಲರೂ ತಿಳಿದಿದ್ದರು. ಪುಡಿ ಹಳೆಯ ಕಾಲದ್ದು, ಮಾರಬಾರದು ಎಂದು ಸರ್ಕಾರ ಹೇಳಿದ ಮೇಲೂ ಹಿಂಬಾಗಿಲಿನಿಂದ ಡ್ರಮ್ಮಿನಲ್ಲಿ ಬರುತ್ತಿದ್ದಂಥದು. ಆದರೆ ಗುಟ್ಟು ಇದ್ದದ್ದು ಉಪ್ಪಿನಲ್ಲಿ. ಕುದಿಯುವ ಬಾನಿಗೆ ಉಪ್ಪು ಬಿದ್ದರೇ ಬಣ್ಣ ನೀರನ್ನು ಬಿಟ್ಟು ನೂಲಿಗೆ ಹತ್ತುವುದು. ಕಡಿಮೆಯಾದರೆ ಬೂದಿ, ಹೆಚ್ಚಾದರೆ ಮಚ್ಚೆ. ಬಾವಿಯ ನೀರೇ ಉಪ್ಪು, ಅದೂ ತಿಂಗಳಿಗೊಂದು ಥರ. ಹಾಗಾಗಿ ಇಷ್ಟೇ ಎಂದು ತೂಗಿ ಹಾಕುವಂತಿರಲಿಲ್ಲ. ಯಜಮಾನನ ಅಪ್ಪ ಅದಕ್ಕೊಂದು ದಾರಿ ಮಾಡಿಟ್ಟು ಹೋಗಿದ್ದ. ಬಾನಿಗೆ ಕಡ್ಡಿ ಅದ್ದಬೇಕು, ಒಂದು ತೊಟ್ಟನ್ನು ಕೈಯ ಹಿಂಬದಿಗೆ ಬೀಳಿಸಿ ಆರಿಸಬೇಕು, ನೆಕ್ಕಬೇಕು. ಒಂದು ಬಾನಿಗೆ ಮೂರು ಸಲ ಉಪ್ಪು, ಮೂರು ಸಲ ನಾಲಿಗೆ. ಆ ಹೊತ್ತಿಗೆ ಕೂಲಿಯವರನ್ನು ಚಹಾ ಕುಡಿಯಲು ಕಳಿಸಿಬಿಡುತ್ತಿದ್ದರು. ಹೊರಗಿನವರಿಗೆ ಈ ವಿಷಯ ತಿಳಿಯಬಾರದು. ಆ ಮುದುಕ ರಕ್ತದ ಉಚ್ಚೆ ಹೊಯ್ಯುತ್ತ ಸತ್ತ. ಮೈ ಉಷ್ಣವಾಯಿತು ಎಂದರು ಮನೆಯವರು.

ಗುಟ್ಟು ಆಸ್ಪತ್ರೆಯಲ್ಲೂ ಹೊರಬೀಳಲಿಲ್ಲ. ಬೀಡಿ ಸೇದುತ್ತೀರಾ ಎಂದು ಡಾಕ್ಟರಮ್ಮ ಕೇಳಿದ್ದಳು. ಇಲ್ಲ. ಕೈಗೆ ಗವಸು? ಮೊಳಕೈವರೆಗೆ, ರಬ್ಬರಿನದು. ಮೂಗಿಗೆ ಬಟ್ಟೆ? ಕಟ್ಟುತ್ತೇವೆ. ಪುಡಿ ಏನಾದರೂ ಬಾಯಿಗೆ ಹೋಗುತ್ತದೆಯೇ ಎಂದು ಕೇಳಿದಾಗ, ಗಂಡ ಬಾಯಿ ತೆರೆಯುವ ಮುಂಚೆ ಯಜಮಾನಿಯೇ ಉತ್ತರ ಕೊಟ್ಟಿದ್ದಳು: “ಕೈ ತೊಳೀದೆ ಒಂದು ತುತ್ತು ಬಾಯಿಗೆ ಇಟ್ಟವರಲ್ಲ ನಮ್ಮೋರು.” ಅದು ಸುಳ್ಳಲ್ಲ. ಇಷ್ಟು ಜೋಪಾನವಾಗಿರುವವನಿಗೆ, ಅವನಪ್ಪನಿಗೆ ಬಂದದ್ದೇ ಮತ್ತೆ ಹೇಗೆ ಬಂತು ಎಂದು ಡಾಕ್ಟರಮ್ಮ ತಲೆ ಕೆರೆದುಕೊಂಡಳು. ಬಣ್ಣದ ಕೆಲಸದ ಮನೆತನಗಳ ಮೇಲೆ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಅದಕ್ಕೆಂದು ಯಜಮಾನ, ಮಗ, ಮಗಳು ಮೂವರ ರಕ್ತ ತೆಗೆದುಕೊಂಡಳು.

ಫಲಿತಾಂಶ ಬಂದ ದಿನ ಯಜಮಾನ ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತ. ಒಳಗೆ ಹೋದವರು ಯಜಮಾನಿ, ಮಗ, ಮಗಳು.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ಮೈಯ ಕಣಕಣದಲ್ಲೂ ಒಂದು ಬರಹವಿದೆ. ಹೊಗೆ, ಬಣ್ಣ, ವಯಸ್ಸು ಅದನ್ನು ದಿನವೂ ಅಲ್ಲಲ್ಲಿ ಹರಿಯುತ್ತಿರುತ್ತವೆ. ಹರಿದದ್ದನ್ನು ಹೊಲಿದು ಸರಿಮಾಡಲು ಮೈಯೊಳಗೇ ದರ್ಜಿಗಳಿದ್ದಾರೆ. ಕೆಲವರಿಗೆ ಹುಟ್ಟಿನಿಂದಲೇ ಒಬ್ಬಿಬ್ಬರು ದರ್ಜಿಗಳು ನಿಧಾನ. ಅಪ್ಪ-ಅಮ್ಮನಿಂದ ಬರುವ ದೋಷ ಅದು. ಯಜಮಾನನಿಗಿದೆ, ಮಗನಿಗೂ ಬಂದಿದೆ. ಮಗಳಿಗೆ ಬಂದಿಲ್ಲ.

“ಹಾಗಾದ್ರೆ ನನಗೆ ಈ ಕಾಯಿಲೆ ಬರಲ್ವಾ?” ಎಂದು ಮಗಳು ಕೇಳಿದಳು.

“ಹಾಗಂತ ಯಾರು ಹೇಳಿದ್ರು?” ಡಾಕ್ಟರಮ್ಮನ ದನಿ ಗಡುಸಾಯಿತು. “ತಕ್ಕಡೀಲಿ ಇದು ಒಂದು ಚಿಟಿಕೆ. ಆ ಪುಡಿ ಒಂದು ಮೂಟೆ. ದೋಷ ಇದ್ದವರು, ಇಲ್ಲದವರು ಅಂತ ಅದು ನೋಡಲ್ಲ, ಎಲ್ಲರನ್ನೂ ತಿನ್ನುತ್ತೆ. ಮೊದಲು ಆ ಡ್ರಮ್ಮು ಮನೆಯಿಂದ ಆಚೆ ಹಾಕಿ. ಇನ್ನೂ ಅದೇ ಕೆಲಸ ನಡೀತಿದೆ ಅಂತ ಗೊತ್ತಾದ್ರೆ ನಾನೇ ಆರೋಗ್ಯ ಇಲಾಖೆಯವರನ್ನ ಕಳಿಸ್ತೀನಿ.”

ಯಜಮಾನಿ ಗೋಣು ಆಡಿಸುತ್ತ ಎಲ್ಲ ಕೇಳಿದಳು. ಮನೆಗೆ ಬಂದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತು, ಸೊಸೆ ಅನ್ನ ಬಡಿಸುತ್ತಿರುವಾಗ, ಸೌಟಿನಲ್ಲಿ ಬೇಳೆ ಕದಡುತ್ತ ಹೇಳಿದಳು:

“ನಾಳೆಯಿಂದ ಬಾನಿ ಹತ್ರ ಇವನು ಬೇಡ. ಪುಟ್ಟಿ ನಿಲ್ಲಲಿ.”

ಪುಟ್ಟಿ ಎಂದರೆ ಮಗಳು. ಇಪ್ಪತ್ತನಾಲ್ಕು ದಾಟಿದ್ದರೂ ಮನೆಯಲ್ಲಿ ಅದೇ ಹೆಸರು. ಹೆಣ್ಣುಮಕ್ಕಳು ಶೆಡ್ಡಿಗೆ ಕಾಲಿಡಬಾರದು ಎಂದು ಹದಿನೆಂಟು ವರ್ಷ ಬೈಸಿಕೊಂಡು ಬೆಳೆದವಳು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಂಗಡಿಯವನು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದ. ಅಲ್ಲಿಯ ಉಜ್ಜುವ ಯಂತ್ರ ಇವಳ ಕೈಗೆ, ಅಂಗಡಿಯ ಮೇಲಿನ ಕೋಣೆ ಇವಳ ವಾಸಕ್ಕೆ ಎಂದು ಮಾತಾಗಿತ್ತು. ಮುಂದಿನ ತಿಂಗಳು ಕಳೆದು ಒಂದನೇ ತಾರೀಕಿಗೆ ಹಾಜರಾಗಬೇಕು, ಓದಿದ ಕಾಗದಗಳ ಅಸಲಿ ಪ್ರತಿ ತರಬೇಕು. ತಪ್ಪಿದರೆ ಅಂಗಡಿಯವನ ಷಡ್ಡಕನ ಮಗಳು ಆ ಜಾಗಕ್ಕೆ ಕಾದು ಕೂತಿದ್ದಳು.

“ನಾನು ಒಂದನೇ ತಾರೀಕು ಹೋಗ್ಬೇಕು,” ಎಂದಳು ಮಗಳು.

“ಹೋಗುವೆಯಂತೆ. ಈಗ ಎರಡು ದಿನ ನಿಲ್ಲು. ನಿನ್ನೊಳಗಿನ ದರ್ಜಿ ಚುರುಕಾಗಿದ್ದಾನಂತಲ್ಲ. ಹರಿದ್ರೆ ಹೊಲೀತಾನೆ.”

“ಡಾಕ್ಟರು ಹಾಗೆ ಹೇಳಲಿಲ್ಲ ಅಮ್ಮ. ಅಣ್ಣ, ನೀನೂ ಇದ್ದೆಯಲ್ಲ. ಹೇಳು.”

ಅಣ್ಣ ಅನ್ನಕ್ಕೆ ಬೇಳೆ ಕಲಸುತ್ತಿದ್ದ. ತಲೆ ಎತ್ತಲಿಲ್ಲ. ಚಿಟಿಕೆ, ಮೂಟೆ ಅಂತ ಏನೋ ಹೇಳಿದರು, ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದ. ಸೊಸೆ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಕುಕ್ಕಿದಳು.

“ಕಿವಿಗೂ ದರ್ಜಿ ಬೇಕೇನೋ ನಿಮಗೆ,” ಎಂದಳು.

ಯಜಮಾನ ಚೀಲದ ಮೇಲೆ ಅಂಗಿ ಎಳೆದುಕೊಂಡ. ಕಾರ್ಖಾನೆಯಿಂದ ಮುನ್ನೂರು ಲಡಿ ಬರುವುದಿದೆ, ಯಾರಾದರೂ ನಿಲ್ಲಿ, ಆದರೆ ನಾಲಿಗೆ ಇದ್ದವರು ನಿಲ್ಲಿ ಎಂದು ಹೇಳಿ ಕೈ ತೊಳೆಯಲು ಎದ್ದ. ಮಗಳ ಕಾಗದಗಳು ಬೀರುವಿನಲ್ಲಿದ್ದವು. ಬೀರುವಿನ ಕೀಲಿ ಯಜಮಾನಿಯ ಸೊಂಟದಲ್ಲಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಹೀಗೆ ಮಗಳು ಬಾನಿಗೆ ನಿಂತಳು. ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಶೆಡ್ಡು, ಆಮೇಲೆ ಕನ್ನಡಕದ ಅಂಗಡಿ, ಸಂಜೆ ಬಂದು ಮತ್ತೆ ಶೆಡ್ಡು. ಯಜಮಾನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಿದ್ದ. ನಾಲಿಗೆಯ ತುದಿಯಲ್ಲಿ ಅಲ್ಲ, ಬದಿಯಲ್ಲಿ ಹಿಡಿ. ನುಂಗಬೇಡ, ಉಗುಳಲೂ ಬೇಡ, ಎಣಿಸುತ್ತ ಹತ್ತರವರೆಗೆ ಇಟ್ಟುಕೋ. ಮೊದಲ ದಿನ ಅವಳು ತೊಟ್ಟು ನೆಕ್ಕಿ ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಎಲ್ಲರೂ ಮೊದಲು ಮಾಡಿಕೊಳ್ಳುತ್ತಾರೆ, ನಿನ್ನಣ್ಣ ಮೂರು ದಿನ ಮಾಡಿಕೊಂಡಿದ್ದ ಎಂದು ಯಜಮಾನ ಸಮಾಧಾನ ಹೇಳಿದ. ಅದು ಅವನ ಮಟ್ಟಿಗೆ ಪ್ರೀತಿಯ ಮಾತು.

ಮಗ ಬಿಳಿ ಅಂಗಿ ಹಾಕತೊಡಗಿದ. ಮುಂದಿನ ಕೋಣೆಯಲ್ಲಿ ಮೇಜು ಇಟ್ಟುಕೊಂಡು ಕಾರ್ಖಾನೆಯವರ ಫೋನಿಗೆ ಉತ್ತರ ಕೊಡುವುದು ಅವನ ಕೆಲಸವಾಯಿತು. ನೀರು ಕುದಿಸಿ ಸೋಸಿ ಕುಡಿದ. ಶೆಡ್ಡಿನ ಕಡೆಯ ಕಿಟಕಿಗೆ ರಟ್ಟು ಬಡಿದ. ದಿನಕ್ಕೆರಡು ಸಲ ಗಾಜಿನ ಲೋಟದಲ್ಲಿ ಉಚ್ಚೆ ಹಿಡಿದು ಬಣ್ಣ ನೋಡಿಕೊಂಡ. ಅದೇ ಲೋಟ ಅಡುಗೆಮನೆಗೆ ಬರುತ್ತಿದೆ ಎಂದು ತಿಳಿದ ದಿನ ಸೊಸೆ ಅದನ್ನು ರಸ್ತೆಗೆ ಎಸೆದಳು. ಆಮೇಲೆ ಅವನು ತನ್ನ ದರ್ಜಿ ಸೋಮಾರಿಯಾಗಿರುವುದನ್ನು ನೆನೆದು ಬೇಜಾರಾಗುತ್ತದೆ ಎಂದು ಅವಳ ಹತ್ತಿರ ಹೇಳಿಕೊಂಡ.

“ನಿಮ್ಮೊಳಗೆ ದರ್ಜಿ ಒಬ್ಬನೇ ಸೋಮಾರಿಯಾಗಿದ್ರೆ ನಾನು ಬದುಕಿಕೊಳ್ತಿದ್ದೆ ರೀ,” ಎಂದಳು ಸೊಸೆ.

ಆ ಮನೆಯಲ್ಲಿ ನಗುವವಳು ಅವಳೊಬ್ಬಳೇ. ಮದುವೆಯಾಗಿ ಬಂದು ಆರು ವರ್ಷ, ನಾಲ್ಕು ವರ್ಷದ ಒಂದು ಹೆಣ್ಣುಮಗು. ಅಡುಗೆ ಅವಳದು, ಬಾವಿಕಟ್ಟೆಯಲ್ಲಿ ಲಡಿ ಜಾಲಿಸುವುದು ಅವಳದು, ಮಾವನ ಚೀಲ ಖಾಲಿ ಮಾಡಿ ತೊಳೆದು ಮತ್ತೆ ಅಂಟಿಸುವುದೂ ಅವಳ ಪಾಲಿಗೇ ಬಂದಿತ್ತು. ಯಜಮಾನಿಗೆ ಆ ವಾಸನೆ ಆಗುತ್ತಿರಲಿಲ್ಲ. ನಾದಿನಿ ಶೆಡ್ಡಿನಿಂದ ಬಂದ ಕೂಡಲೇ ಬಾಯಿ ಮುಕ್ಕಳಿಸಲು ಬಿಸಿನೀರು ಕೊಡುವವಳು ಅವಳೇ. ನೀರು ಮೂರು ಸಲ ಬೂದುಬಣ್ಣ ಬರುತ್ತಿತ್ತು, ನಾಲ್ಕನೆಯ ಸಲ ತಿಳಿಯಾಗುತ್ತಿತ್ತು.

“ನಾಲಿಗೆ ತೋರಿಸು,” ಎನ್ನುತ್ತಿದ್ದಳು. ಬಲಗಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎಳೆದಂಥ ಗೆರೆ. “ಇದನ್ನ ನಿನ್ನ ಕೈ ಹಿಡಿಯೋನು ನೋಡಿದ್ರೆ, ಹುಡುಗಿ ಶಾಯಿ ಕುಡೀತಾಳೆ ಅಂತಾನೆ.”

ಎರಡನೆಯ ವಾರ ಮಗಳು ಒಂದು ಉಪಾಯ ಮಾಡಿದಳು. ಕನ್ನಡಕದ ಅಂಗಡಿಯ ಪಕ್ಕದಲ್ಲಿ ಶಾಲೆಗಳಿಗೆ ಪ್ರಯೋಗದ ಸಾಮಾನು ಮಾರುವ ಅಂಗಡಿಯಿತ್ತು. ಅಲ್ಲಿಂದ ಉಪ್ಪುನೀರಿನ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ ತಂದಳು. ಬಾನಿಯ ನೀರನ್ನು ಉದ್ದನೆಯ ಲೋಟದಲ್ಲಿ ಆರಿಸಿ ಕಡ್ಡಿಯನ್ನು ಬಿಟ್ಟರೆ, ಅದು ಯಾವ ಗೆರೆಯವರೆಗೆ ಮುಳುಗುತ್ತದೆ ಎಂದು ನೋಡಿದರೆ ಸಾಕು. ಯಜಮಾನ ಮುಖ ಸಿಂಡರಿಸಿದ. ಆದರೂ ಮೂರು ದಿನ ಪರೀಕ್ಷೆ ಮಾಡೋಣ ಎಂದ. ಅವಳು ಕಡ್ಡಿ ಬಿಟ್ಟಳು, ಅವನು ತಾನೇ ಎದ್ದು ಬಂದು ನೆಕ್ಕಿ ನೋಡಿದ. ಮೂರು ದಿನವೂ ಗಾಜಿನ ಕಡ್ಡಿ ಮತ್ತು ಯಜಮಾನನ ನಾಲಿಗೆ ಒಂದೇ ಮಾತು ಹೇಳಿದವು. ಬಂದ ಕಪ್ಪು ಕಾಗೆಯ ರೆಕ್ಕೆಯಂತಿತ್ತು.

ಮಗಳು ನಕ್ಕಳು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಕೈ ತಟ್ಟಿದಳು. ಯಜಮಾನ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿದ. ಬಾನಿಯ ಕಟ್ಟೆಗೆ ಬಡಿದು ಎರಡು ತುಂಡು ಮಾಡಿದ.

“ಸರಿಯಾಗೇ ಹೇಳ್ತಲ್ಲ ಅಪ್ಪ,” ಎಂದಳು ಮಗಳು.

“ಸರಿಯಾಗಿ ಹೇಳ್ತು ಅಂತಾನೇ ಮುರಿದದ್ದು. ಇದನ್ನ ಅಂಗಡೀಲಿ ಯಾರು ಬೇಕಾದ್ರೂ ಕೊಳ್ತಾರೆ. ನಾಳೆ ಇದು ಪೇಟೇಲಿ ಹಬ್ಬಿದ್ರೆ ಕಪ್ಪಿನ ಮನೆ ಅಂತ ನಮ್ಮನ್ನ ಯಾಕೆ ಹುಡುಕಿಕೊಂಡು ಬರ್ತಾರೆ? ಇನ್ನೊಂದು ತಂದ್ರೆ ನಿನ್ನ ಕಾಗದಗಳನ್ನ ಇದೇ ಒಲೆಗೆ ಹಾಕ್ತೀನಿ.”

ಗಾಜಿನ ಚೂರು ಗುಡಿಸಿದವಳು ಸೊಸೆ.

ನಾಲ್ಕನೆಯ ವಾರದ ಹೊತ್ತಿಗೆ ಮಗಳಿಗೆ ಊಟದ ರುಚಿ ಕೆಟ್ಟಿತು. ಒಂದು ಭಾನುವಾರ ಸೊಸೆಗೆ ಜ್ವರ ಬಂದಿತ್ತು. ಅಡುಗೆ ಮಗಳೇ ಮಾಡಿದಳು. ಮೊದಲ ತುತ್ತಿಗೇ ಮಗ ಉಗುಳಿದ. ಬೇಳೆಯಲ್ಲಿ ಉಪ್ಪು ತುಂಬಿ ತುಳುಕುತ್ತಿತ್ತು. ಮಗಳು ತನ್ನ ತಟ್ಟೆಯದನ್ನು ತಿಂದು ನೋಡಿದಳು, ಸರಿಯಾಗಿದೆಯಲ್ಲ ಎಂದಳು. ಯಜಮಾನಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಅಯ್ಯೋ ಎನ್ನುತ್ತಾಳೆ ಎಂದು ಮಗಳು ಕಾದಳು.

“ಬಾನಿ ಉಪ್ಪು ಗೊತ್ತಾಗುತ್ತೆ ತಾನೇ?” ಎಂದು ಕೇಳಿದಳು ಯಜಮಾನಿ. “ಹಾಗಿದ್ರೆ ಆಯ್ತು. ಬೇಳೆಗೆ ನಾನಿದ್ದೀನಿ.”

ಮಗಳು ತಟ್ಟೆ ಸರಿಸಿದಳು. ಒಂದನೇ ತಾರೀಕಿಗೆ ಹದಿನೇಳು ದಿನ ಇದೆ, ಕಾಗದ ಯಾವಾಗ ಕೊಡುತ್ತೀರಿ ಎಂದು ಕೇಳಿದಳು. ಇವನ ಮೈ ಹೀಗಿರುವಾಗ ನಿನಗೆ ಊರು ಬಿಡುವ ಚಪಲವೇ ಎಂದಳು ಯಜಮಾನಿ. ಮುನ್ನೂರರಲ್ಲಿ ಇನ್ನೂರು ಲಡಿ ಬಾಕಿ ಎಂದ ಯಜಮಾನ. ಸ್ವಂತ ಅಣ್ಣ ಸಾಯಲಿ ಎಂದು ಬಯಸುತ್ತಾಳೆ ಎಂದ ಮಗ. ಮಾತು ಏರಿತು. ನನಗೂ ಒಂದೇ ಮೈ ಇರುವುದು ಎಂದು ಮಗಳು ಕೂಗಿದಳು. ನಿನ್ನ ಮೈಗೆ ಏನೂ ಆಗುವುದಿಲ್ಲ, ಆಸ್ಪತ್ರೆಯವರೇ ಬರೆದುಕೊಟ್ಟಿದ್ದಾರೆ ಎಂದು ಯಜಮಾನಿಯೂ ಕೂಗಿದಳು. ಜ್ವರದಲ್ಲಿದ್ದ ಸೊಸೆ ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತಳು.

“ಅತ್ತೆ, ಅವಳನ್ನ ಬಿಟ್ಟುಬಿಡಿ,” ಎಂದಳು. “ಬದುಕಿ ಬಾಳೋ ಹುಡುಗಿ. ನಿಮ್ಮ ಮಗನಿಗೆ ಆಗದ್ದು ಅವಳಿಗೆ ಯಾಕೆ ಆಗಬೇಕು?”

ಆಗ ಮಗಳು ಆ ಮಾತಾಡಿದಳು. ಬೇಕೆಂದು ಆಡಿದಳೋ ಬಾಯಿತಪ್ಪಿ ಆಡಿದಳೋ, ಆಡಿದ್ದಂತೂ ಹೌದು.

“ರಕ್ತ ನೋಡಿಯೇ ನಿಲ್ಲಿಸೋದಾದ್ರೆ ಅತ್ತಿಗೇನ ನಿಲ್ಲಿಸಿ. ಅವರದ್ದು ಈ ಮನೆ ರಕ್ತಾನೇ ಅಲ್ವಲ್ಲ.”

ಯಜಮಾನಿ ಸೌಟನ್ನು ಪಾತ್ರೆಯಲ್ಲಿಟ್ಟಳು. ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಅವಳಪ್ಪ ಎಂಬತ್ತು ದಾಟಿದ್ರೂ ಏಣಿ ಹತ್ತಿ ಹೆಂಚು ಹೊದಿಸ್ತಾನೆ,” ಎಂದಳು ನಿಧಾನವಾಗಿ. “ಅವಳ ತಾಯೀನೂ ಗುಂಡುಕಲ್ಲಿನ ಹಾಗಿದ್ದಾಳೆ. ಆ ಮನೇಲಿ ಯಾರಿಗೂ ಉಚ್ಚೆ ಕಟ್ಟಿದ್ದನ್ನ ನಾನು ಕೇಳಿಲ್ಲ.”

“ನಾಲಿಗೆ ಹೇಗಿದೆಯೋ ನೋಡ್ಬೇಕು,” ಎಂದ ಯಜಮಾನ.

“ಆರು ವರ್ಷ ಬೇಳೆಗೆ ಉಪ್ಪು ಹಾಕಿದ್ದಾಳಲ್ಲ. ಒಂದು ದಿನ ಹೆಚ್ಚಾಯ್ತಾ, ಒಂದು ದಿನ ಕಡಿಮೆಯಾಯ್ತಾ?”

ಆರು ವರ್ಷದಲ್ಲಿ ಅತ್ತೆಯ ಬಾಯಿಂದ ಸೊಸೆಗೆ ಬಂದ ಮೊದಲ ಹೊಗಳಿಕೆ ಅದು. ಸೊಸೆ ಗಂಡನ ಕಡೆ ನೋಡಿದಳು. ಅವನು ನೀರು ಕುಡಿಯುತ್ತಿದ್ದ. ಲೋಟ ಖಾಲಿಯಾದ ಮೇಲೂ ಬಾಯಿಂದ ಇಳಿಸಲಿಲ್ಲ.

ಜ್ವರ ಇಳಿದ ಮಾರನೆಯ ದಿನವೇ ಸೊಸೆಯನ್ನು ಬಾನಿಗೆ ನಿಲ್ಲಿಸಿದರು. ಅವಳು ಒಂದು ಬಾನಿಯನ್ನು ಯಾರ ಸಹಾಯವೂ ಇಲ್ಲದೆ ಸರಿಯಾಗಿ ಇಳಿಸಿದ ದಿನ ಮಗಳ ಕಾಗದಗಳನ್ನು ಬೀರುವಿನಿಂದ ತೆಗೆಯುವುದು ಎಂದು ಯಜಮಾನಿ ಒಪ್ಪಿದಳು. ಯಜಮಾನನಿಗೆ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಕಲಿಸುವ ಕೆಲಸ ಮಗಳ ಮೇಲೆ ಬಿತ್ತು. ಅವಳು ಕಲಿಸಿದಳು. ನಾಲಿಗೆಯ ತುದಿಯಲ್ಲಿ ಅಲ್ಲ ಅತ್ತಿಗೆ, ಬದಿಯಲ್ಲಿ. ಹತ್ತರವರೆಗೆ ಎಣಿಸಿ. ಸೊಸೆಗೆ ವಾಂತಿಯೂ ಬರಲಿಲ್ಲ. ಐದನೆಯ ದಿನಕ್ಕೇ ಇನ್ನೂ ಅರ್ಧ ಬೊಗಸೆ ಬೇಕು, ಇಷ್ಟು ಸಾಕು ಎಂದು ಹೇಳತೊಡಗಿದಳು. ಅವಳ ನಾಲಿಗೆ ಯಜಮಾನನ ನಾಲಿಗೆಗಿಂತ ಚುರುಕು ಎಂಬುದು ಬಲುಬೇಗ ಎಲ್ಲರಿಗೂ ಗೊತ್ತಾಯಿತು.

ಆ ಮಾತಿನ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ. ಒಂದು ಬೆಳಿಗ್ಗೆ ಲಡಿ ತಿರುವುತ್ತ ಸೊಸೆಯೇ ಕೇಳಿದಳು.

“ಪುಟ್ಟಿ, ಆವತ್ತು ಕೋಪಕ್ಕೆ ಅಂದದ್ದು ತಾನೇ?”

ಹೌದು, ಕೋಪಕ್ಕೆ ಎಂದಳು ಮಗಳು. ಸೊಸೆ ತಲೆಯಾಡಿಸಿದಳು. ನಾನು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದಳು. ಆದರೆ ಒಂದು ಸಹಾಯ ಬೇಕಿತ್ತು. ಮಾವನನ್ನು ತೋರಿಸಲು ಗುರುವಾರ ಆಸ್ಪತ್ರೆಗೆ ಹೋಗುವವಳು ನೀನೇ ತಾನೆ. ನನ್ನನ್ನು ಈ ಮನೆಯಲ್ಲಿ ಯಾರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ ಎಂದಳು.

“ಡಾಕ್ಟರಮ್ಮನ ಹತ್ರ ನನ್ನ ವಿಷಯ ಕೇಳಿಕೊಂಡು ಬಾ. ಬೇರೆ ಮನೆಯವಳು ಹೀಗೆ ನಾಲಿಗೆ ಇಟ್ಟರೆ ಏನಾಗುತ್ತೆ ಅಂತ. ಆಗುತ್ತೆ ಅಂದ್ರೆ ನಾನು ಮಗೂನ ಎತ್ತಿಕೊಂಡು ನಮ್ಮಪ್ಪನ ಮನೆಗೆ ಹೋಗ್ತೀನಿ. ಬಾ ಅಂತ ಅಪ್ಪ ಹೇಳಿದ್ದಾರೆ. ಆಗಲ್ಲ ಅಂದ್ರೆ ಇದ್ದುಬಿಡ್ತೀನಿ. ನನಗೆ ಅದೊಂದು ಗೊತ್ತಾದ್ರೆ ಸಾಕು.”

ಮಗು ಶೆಡ್ಡಿನ ಹೊಸ್ತಿಲಲ್ಲಿ ಕೂತು ತನ್ನ ಕೈಯ ಹಿಂಬದಿ ನೆಕ್ಕಿ, ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು. ಸೊಸೆ ಓಡಿಹೋಗಿ ಅದರ ಬೆನ್ನಿಗೆ ಗುದ್ದಿದಳು. ಮಗು ಅತ್ತದ್ದಕ್ಕಿಂತ ಹೆಚ್ಚು ಅವಳೇ ಅತ್ತಳು.

ಕೇಳುತ್ತೇನೆ ಅತ್ತಿಗೆ ಎಂದಳು ಮಗಳು.

ಬುಧವಾರ ಸೊಸೆ ಒಂದು ಬಾನಿಯನ್ನು ಒಬ್ಬಳೇ ಇಳಿಸಿದಳು. ಗುರುವಾರ ಬಸ್ಸಿನಲ್ಲಿ ಯಜಮಾನ ಕಿಟಕಿಯ ಬದಿಗೆ ಕೂತು, ಚೀಲದ ಮೇಲೆ ಕೈಯಿಟ್ಟುಕೊಂಡು, ಹೊರಗೆ ನೋಡುತ್ತ ಹೇಳಿದ:

“ನಿಮ್ಮಮ್ಮ ನಿನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟಿದ್ದಾಳೆ. ಸಂಜೆ ಹೋಗಿ ತಗೋ.” ಆಮೇಲೆ, “ಇಲಾಖೆಯವರು ಬಂದು ಶೆಡ್ಡಿಗೆ ಬೀಗ ಹಾಕಿದ್ರೆ ಯಾರೂ ಎಲ್ಲಿಗೂ ಹೋಗೋ ಹಾಗಿರಲ್ಲ. ನಾನು, ನಿಮ್ಮಮ್ಮ, ನಿನ್ನಣ್ಣ, ಮೂರು ಜನಾನೂ ನಿನ್ನ ತಲೆ ಮೇಲೆ,” ಎಂದ.

ಡಾಕ್ಟರಮ್ಮ ಗಾಯ ನೋಡಿದಳು, ಚೆನ್ನಾಗಿ ಮಾಗಿದೆ ಎಂದಳು. ಚೀಲ ಅಂಟಿಸಿದ ರೀತಿ ನೋಡಿ, ಯಾರು ಮಾಡುತ್ತಾರೆ ಇದನ್ನು, ಎಷ್ಟು ಅಚ್ಚುಕಟ್ಟು ಎಂದು ಹೊಗಳಿದಳು. ಸೊಸೆ ಎಂದ ಯಜಮಾನ. ಅದೃಷ್ಟವಂತರು ನೀವು ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದಳು.

“ನಿಮ್ಮ ತಂದೇನ ಕೇಳಿದ್ರೆ ಸರಿಯಾಗಿ ಹೇಳಲ್ಲ. ನೀವು ಹೇಳಿ. ಆ ಪುಡಿ ಕೆಲಸ ನಿಲ್ಲಿಸಿದ್ದೀರಾ? ಆವತ್ತಿನಿಂದ ನನಗೊಂದು ಅನುಮಾನ. ಗವಸು, ಬಟ್ಟೆ ಎಲ್ಲ ಇದ್ದೂ ಇಷ್ಟು ಹೇಗೆ ಒಳಗೆ ಹೋಯ್ತು? ಯಾರಾದ್ರೂ ಅದನ್ನ ಬಾಯಿಗೆ ಹಾಕ್ತೀರಾ?”

ಯಜಮಾನ ನೆಲ ನೋಡುತ್ತಿದ್ದ. ಮಗಳ ನಾಲಿಗೆಯ ಮೇಲಿನ ಗೆರೆ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಬಾಯನ್ನು ಹೆಚ್ಚು ತೆರೆಯದೆ ಅವಳು ಹೇಳಿದಳು:

“ಯಾರೂ ಇಲ್ಲ ಡಾಕ್ಟರೇ. ಡ್ರಮ್ಮು ಆಚೆ ಹಾಕಿದ್ವಿ. ಈಗ ಯಾರೂ ನಿಲ್ಲಲ್ಲ.”

ಡಾಕ್ಟರಮ್ಮ ಅದನ್ನು ಕಾಗದದಲ್ಲಿ ಬರೆದುಕೊಂಡಳು. ಒಳ್ಳೆಯ ಕೆಲಸ ಮಾಡಿದಿರಿ ಎಂದಳು.

ಮನೆಗೆ ಬಂದಾಗ ನಾಲ್ಕು ಗಂಟೆ. ಮುಂದಿನ ಕೋಣೆಯಲ್ಲಿ ಮಗ ಫೋನಿನಲ್ಲಿ, ಈ ಸಲದ ಕಪ್ಪು ನಮ್ಮಪ್ಪನ ಕಾಲದಲ್ಲೂ ಬಂದಿರಲಿಲ್ಲ ಎಂದು ಕಾರ್ಖಾನೆಯವರಿಗೆ ಹೇಳುತ್ತಿದ್ದ. ಕಾಗದಗಳು ಮೇಜಿನ ಮೇಲೆ ದಾರ ಕಟ್ಟಿಕೊಂಡು ಕೂತಿದ್ದವು. ಮಗಳು ಮೊದಲು ಅವನ್ನು ಎತ್ತಿ, ಒಂದೊಂದಾಗಿ ಎಣಿಸಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಶೆಡ್ಡಿಗೆ ಹೋದಳು.

ಕೂಲಿಯವರು ಚಹಾಕ್ಕೆ ಹೋಗಿದ್ದರು. ಸೊಸೆ ಬಾನಿಯ ಮುಂದೆ ಒಬ್ಬಳೇ ನಿಂತಿದ್ದಳು. ಕಡ್ಡಿ ಕೈಯಲ್ಲಿತ್ತು, ಕೈಯ ಹಿಂಬದಿಯಲ್ಲಿ ತೊಟ್ಟು ಆರುತ್ತಿತ್ತು. ಇವಳನ್ನು ಕಂಡು ಕೈಯನ್ನು ಬಾಯಿಯವರೆಗೆ ಒಯ್ದವಳು ಅಲ್ಲೇ ನಿಲ್ಲಿಸಿದಳು.

“ಕೇಳಿದ್ಯಾ?”

“ಕೇಳಿದೆ.”

“ಏನಂದ್ರು?”

“ನಿಮ್ಮದು ಬೇರೆ ರಕ್ತ. ಏನೂ ಆಗಲ್ಲ ಅಂದ್ರು.”

ಸೊಸೆ ಅವಳ ಮುಖ ನೋಡಿದಳು. ನಕ್ಕಳು. ಮೂರು ದಿನದಿಂದ ಅನ್ನ ಸೇರಿರಲಿಲ್ಲ ಕಣೆ, ಮಗೂನ ಎತ್ತಿಕೊಂಡು ಹೋಗುವುದೆಂದು ಬಟ್ಟೆ ಕೂಡ ಕಟ್ಟಿಟ್ಟಿದ್ದೆ, ಇವತ್ತೇ ಬಿಚ್ಚಿಬಿಡುತ್ತೇನೆ ಎಂದಳು. ನೀನು ಕೇಳಿಕೊಂಡು ಬಾರದಿದ್ದರೆ ದಿನವೂ ಹೆದರಿ ಸಾಯುತ್ತಿದ್ದೆ ಎಂದಳು. ನೀನು ಹೊರಡುವ ದಿನ ಬಸ್ಸಿನಲ್ಲಿ ತಿನ್ನಲು ಮೊಟ್ಟೆ ಬೇಯಿಸಿ ಕೊಡುತ್ತೇನೆ, ಎರಡು ಸಾಕೋ ಮೂರು ಬೇಕೋ ಎಂದು ಕೇಳಿದಳು.

ಎರಡು ಸಾಕು ಎಂದಳು ಮಗಳು.

ಕೈ ಮೇಲಿನ ತೊಟ್ಟು ಒಣಗಿಹೋಗಿತ್ತು. ಸೊಸೆ ಕಡ್ಡಿಯನ್ನು ಮತ್ತೆ ಬಾನಿಗೆ ಅದ್ದಿದಳು, ಆರಿಸಿದಳು, ನೆಕ್ಕಿದಳು. ಇಷ್ಟು ದಿನ ಹತ್ತರವರೆಗೆ ಅವಸರದಲ್ಲಿ ಎಣಿಸುತ್ತಿದ್ದವಳು ಈ ಸಲ ಕಣ್ಣು ಮುಚ್ಚಿಕೊಂಡು, ಯಜಮಾನ ಎಣಿಸುತ್ತಿದ್ದ ಹಾಗೆ, ಒಂದೊಂದಾಗಿ ಎಣಿಸಿದಳು.

“ಇನ್ನೊಂದು ಬೊಗಸೆ ಬೇಕು,” ಎಂದಳು. “ಆ ಉಪ್ಪಿನ ಡಬ್ಬಿ ಈ ಕಡೆ ಕೊಡು.”

ಮಗಳು ಡಬ್ಬಿ ಕೊಟ್ಟಳು.